ಮನೆಯೂಟಕ್ಕೆ ಮಾನ ತಂದ ಪೆಲ್ಲೆಗ್ರಿನೊ ಅರ್ತೂಸಿ

ಇಟಲಿಯ ಪುಟ್ಟ ಪಟ್ಟಣ ಫೋರ್ಲಿಂಪೊಪೊಲಿಯಲ್ಲಿ ಒಮ್ಮೆ ಸಹಾಯಾರ್ಥ ಮೇಳವೊಂದು ಏರ್ಪಟ್ಟಿತ್ತು. ಬಹುಮಾನಕ್ಕೆಂದು ಎರಡು ಪುಸ್ತಕ ಕಳುಹಿಸುವಂತೆ ಸಂಘಟಕರ ಪರವಾಗಿ ಸ್ನೇಹಿತರೊಬ್ಬರು ಆ ಊರಿನವರೇ ಆದ ಲೇಖಕರನ್ನು ಕೇಳಿಕೊಂಡರು. ಅವರು ಬಯಸಿದ್ದು ಕವಿ ಫೋಸ್ಕೊಲೊ ಅವರ ಜೀವನಚರಿತ್ರೆಯನ್ನು. ಅದರ ಪ್ರತಿಗಳು ಮುಗಿದಿದ್ದರಿಂದ ಲೇಖಕರು ತಮ್ಮ ಅಡುಗೆ ಪುಸ್ತಕವನ್ನೇ ಕಳುಹಿಸಿದರು. ಬಹುಮಾನ ಗೆದ್ದವರು ಅದನ್ನು ಗೇಲಿ ಮಾಡಿ ತಂಬಾಕಿನ ಅಂಗಡಿಗೆ ಮಾರಿಬಿಟ್ಟರು. ಇಟಲಿಯ ಮನೆಮನೆಯ ಅಡುಗೆಕೋಣೆಯಲ್ಲಿ ಮುಂದೆ ಸ್ಥಾನ ಪಡೆದ ಕೃತಿಯ ಆರಂಭದ ಭಾಗ್ಯ ಇಷ್ಟೇ ಆಗಿತ್ತು.

ಆ ಲೇಖಕರೇ ಪೆಲ್ಲೆಗ್ರಿನೊ ಅರ್ತೂಸಿ. ಜನನ 1820ರ ಆಗಸ್ಟ್ 4ರಂದು, ರೊಮಾನ್ಯ ಪ್ರಾಂತವು ಪೋಪರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ. ತಂದೆ ದಿನಸಿ ಮತ್ತು ಸಾಂಬಾರ ಪದಾರ್ಥಗಳ ಅನುಕೂಲಸ್ಥ ವರ್ತಕರು. ಮಗನೂ ಅದೇ ವ್ಯಾಪಾರ ಹಿಡಿದರು. 1851ರ ಜನವರಿ 25ರ ರಾತ್ರಿ ಆ ನೆಮ್ಮದಿ ಮುರಿಯಿತು. ಪಸ್ಸತೋರೆ ಎಂದೇ ಕುಖ್ಯಾತನಾಗಿದ್ದ ದರೋಡೆಕೋರ ಸ್ತೆಫನೊ ಪೆಲ್ಲೋನಿ ತನ್ನ ತಂಡದೊಡನೆ ಊರಿನ ರಂಗಮಂದಿರಕ್ಕೆ ನುಗ್ಗಿ, ನಾಟಕ ನೋಡಲು ಬಂದಿದ್ದ ಸಿರಿವಂತರನ್ನು ಒತ್ತೆ ಇರಿಸಿಕೊಂಡು ಮನೆಗಳನ್ನು ಲೂಟಿ ಮಾಡಿದ. ಅರ್ತೂಸಿಯವರ ಮನೆಯೂ ಉಳಿಯಲಿಲ್ಲ. ಆ ರಾತ್ರಿಯ ಕ್ರೌರ್ಯಕ್ಕೆ ಗುರಿಯಾದ ಸಹೋದರಿ ಗೆರ್ತ್ರೂಡೆ ಬುದ್ಧಿಸ್ಥಿಮಿತ ಕಳೆದುಕೊಂಡು ಮನೋರೋಗಿಗಳ ಆಸ್ಪತ್ರೆ ಸೇರಬೇಕಾಯಿತು. ಮರುವರ್ಷ ಕುಟುಂಬವು ಊರು ತೊರೆದು ಫ್ಲಾರೆನ್ಸ್‌ಗೆ ಬಂದಿತು.

ಅಲ್ಲಿ ರೇಷ್ಮೆ ವ್ಯಾಪಾರ, ಲೇವಾದೇವಿಗಳಿಂದ ಸಾಕಷ್ಟು ಗಳಿಸಿದ ಅರ್ತೂಸಿ ಐವತ್ತರ ಆಸುಪಾಸಿನಲ್ಲಿ ವ್ಯವಹಾರದಿಂದ ನಿವೃತ್ತರಾದರು. ವಿವಾಹವಾಗಲಿಲ್ಲ. ದ್ಯಾಜೆಲ್ಯೊ ಚೌಕದ ಮನೆಯಲ್ಲಿ ಪುಸ್ತಕಗಳು, ಎರಡು ಬೆಕ್ಕುಗಳು, ಟಸ್ಕನಿಯ ಮರಿಯೆಟ್ಟಾ ಸಬತೀನಿ ಮತ್ತು ಸ್ವಂತ ಊರಿನ ಫ್ರಾಂಚೆಸ್ಕೊ ರುಫ್ಫಿಲ್ಲಿ ಎಂಬ ಇಬ್ಬರು ಸಹಾಯಕರು. ಪಾಕಗಳು ಪರೀಕ್ಷೆಗೊಳಗಾದದ್ದು ಈ ಮನೆಯ ಒಲೆಯ ಮೇಲೆಯೇ.

ಸಿದ್ಧವಾದ ಹಸ್ತಪ್ರತಿಯನ್ನು ಪ್ರಕಟಿಸಲು ಪ್ರಕಾಶಕರು ಮುಂದೆ ಬರಲಿಲ್ಲ. ವೆರೋನಾದ ಸಾಹಿತ್ಯ ಪ್ರಾಧ್ಯಾಪಕ ಫ್ರಾಂಚೆಸ್ಕೊ ತ್ರೆವಿಸಾನ್ ಈ ಪುಸ್ತಕ ಹೆಚ್ಚು ಮಾರಾಟವಾಗದೆಂದು ಭವಿಷ್ಯ ನುಡಿದರು. 1891ರಲ್ಲಿ, ತಮ್ಮ 71ನೆಯ ವಯಸ್ಸಿನಲ್ಲಿ, ಅರ್ತೂಸಿ ಸ್ವಂತ ಖರ್ಚಿನಿಂದ 1,000 ಪ್ರತಿ ಅಚ್ಚು ಹಾಕಿಸಿದರು. ‘ಅಡುಗೆಮನೆಯ ವಿಜ್ಞಾನ ಮತ್ತು ಚೆನ್ನಾಗಿ ಉಣ್ಣುವ ಕಲೆ’ ಎಂಬುದು ಅದರ ಹೆಸರಿನ ಅರ್ಥ. ಅಷ್ಟು ಪ್ರತಿ ಖರ್ಚಾಗಲು ಸುಮಾರು ನಾಲ್ಕು ವರ್ಷ ಹಿಡಿಯಿತು.

ಇಟಲಿ ಒಂದು ರಾಜ್ಯವಾದದ್ದು 1861ರಲ್ಲಿ. ಅಡುಗೆ ಪುಸ್ತಕಗಳಾದರೋ ಆಗಲೂ ಶ್ರೀಮಂತರ ಬಾಣಸಿಗರಿಗಾಗಿ, ಫ್ರೆಂಚ್ ಪದಗಳ ಭಾರದಲ್ಲಿ ರಚಿತವಾಗುತ್ತಿದ್ದವು. ಅರ್ತೂಸಿ ಬರೆದದ್ದು ಮಧ್ಯಮ ವರ್ಗದ ಗೃಹಿಣಿಗೆ, ತಿಳಿಯಾದ ಟಸ್ಕನಿಯ ನುಡಿಯಲ್ಲಿ. ಪದಾರ್ಥ ಉತ್ತಮವಾಗಿರಲಿ, ಗಮನವಿರಲಿ, ಅಳತೆ ತಪ್ಪದಿರಲಿ. ಇಷ್ಟಿದ್ದರೆ ಸರಳ ಅಡುಗೆಯೇ ಮಾಡಿದವರ ಮರ್ಯಾದೆ ಕಾಯುತ್ತದೆ ಎಂಬುದು ಅವರ ನಿಲುವು. ಊಟದ ಯಾದಿಗಳನ್ನೂ ಅವರು ಋತುವಿಗೆ ಅನುಗುಣವಾಗಿ, ತಿಂಗಳಿಗೆ ಎರಡರಂತೆ, ಹಬ್ಬಗಳಿಗೆ ಬೇರೆಯಾಗಿ ಜೋಡಿಸಿಕೊಟ್ಟರು.

ಪುಸ್ತಕದ ಸೊಗಸು ಇರುವುದು ಪಾಕಗಳ ನಡುವಿನ ಹರಟೆಯಲ್ಲಿ. ಟೊಮೆಟೊ ಗೊಜ್ಜಿನ ಪ್ರಸ್ತಾಪ ಬಂದಾಗ, ಎಲ್ಲರ ಮನೆಯ ವಿಷಯಕ್ಕೂ ತಲೆಹಾಕುತ್ತಿದ್ದ ಪಾದ್ರಿಯೊಬ್ಬರಿಗೆ ಊರವರು ಟೊಮೆಟೊ ಎಂದೇ ಹೆಸರಿಟ್ಟಿದ್ದ ಕಥೆ ಬರುತ್ತದೆ. ಬದನೆಕಾಯಿ ಯಹೂದಿಗಳ ಆಹಾರವೆಂಬ ತಾತ್ಸಾರದಿಂದ ನಲವತ್ತು ವರ್ಷಗಳ ಹಿಂದೆ ಫ್ಲಾರೆನ್ಸಿನ ಮಾರುಕಟ್ಟೆಯಲ್ಲಿ ಕಾಣುವುದೇ ಅಪರೂಪವಾಗಿತ್ತೆಂದು ದಾಖಲಿಸುವ ಅವರು, ಒಳ್ಳೆಯದನ್ನು ಗುರುತಿಸುವಲ್ಲಿ ಯಹೂದಿಗಳೇ ಮುಂದೆಂದು ಒಪ್ಪಿಕೊಳ್ಳುತ್ತಾರೆ. ತರಕಾರಿ ಹಾಕಿ ಕುದಿಸುವ ಗಟ್ಟಿ ಸಾರು ಮಿನೆಸ್ತ್ರೋನೆಯ ಪ್ರಸಂಗವಂತೂ ಬೇರೆಯೇ. 1855ರಲ್ಲಿ ಲಿವೋರ್ನೊದಲ್ಲಿ ಅದನ್ನುಂಡ ರಾತ್ರಿಯಿಡೀ ಹೊಟ್ಟೆನೋವಿನಿಂದ ನರಳಿದ ಅವರು, ಸಾರನ್ನೇ ಶಪಿಸುತ್ತ ಬೆಳಗಿನ ರೈಲು ಹಿಡಿದು ಮರಳಿದರು. ಊರಿಗೆ ಕಾಲರಾ ಬಂದಿದ್ದ ಸುದ್ದಿ ಬಳಿಕ ತಿಳಿಯಿತು. ಅವರಿಗೆ ವಸತಿ ಕೊಟ್ಟಿದ್ದ ಮನೆಯ ಮಾಲೀಕರು ಅದಕ್ಕೆ ಬಲಿಯಾಗಿದ್ದರು. ಆಮೇಲೆ ಆ ಸಾರನ್ನು ಹಲವು ಬಾರಿ ತಿದ್ದಿ ತೀಡಿ ತಮ್ಮ ರುಚಿಗೆ ಒಗ್ಗಿಸಿಕೊಂಡರಂತೆ!

ಓದುಗರಿಂದ, ವಿಶೇಷವಾಗಿ ಮಹಿಳೆಯರಿಂದ, ಪತ್ರಗಳು ಬರತೊಡಗಿದವು. ಅವುಗಳೊಡನೆ ಬಂದ ಪಾಕಗಳೂ ಮುಂದಿನ ಆವೃತ್ತಿಗಳನ್ನು ಸೇರಿದವು. ಮೊದಲ ಆವೃತ್ತಿಯಲ್ಲಿದ್ದ 475 ಪಾಕಗಳು ಕೊನೆಗೆ 790ಕ್ಕೆ ಬೆಳೆದವು. ಮರಿಯೆಟ್ಟಾ ಕಲಿಸಿಕೊಟ್ಟ ಪನೆತ್ತೋನೆ ಎಂಬ ಸಿಹಿ ರೊಟ್ಟಿಗೆ ಆಕೆಯ ಹೆಸರನ್ನೇ ಇಟ್ಟರು.

ಇಟಲಿಯನ್ನು ಒಂದುಗೂಡಿಸುವಲ್ಲಿ ಮಾಂಜೋನಿಯ ಪ್ರಸಿದ್ಧ ಕಾದಂಬರಿಗಿಂತ ಈ ಪುಸ್ತಕದ ಪಾಲೇ ದೊಡ್ಡದೆಂದು ವಿದ್ವಾಂಸ ಪಿಯೆರೊ ಕಾಂಪೊರೇಸಿ 1970ರ ಆವೃತ್ತಿಯ ಪ್ರಸ್ತಾವನೆಯಲ್ಲಿ ಅಭಿಪ್ರಾಯಪಟ್ಟರು. ಈ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇಲ್ಲದಿಲ್ಲ. ಅರ್ತೂಸಿಯವರ ಒಲವು ರೊಮಾನ್ಯ ಮತ್ತು ಟಸ್ಕನಿಗಳ ಕಡೆಗೆ. ದಕ್ಷಿಣ ಇಟಲಿಯ ಊಟಕ್ಕೆ ಪುಟಗಳು ಕಡಿಮೆ. ಆದರೂ ಹೆಸರಿಲ್ಲದ ಹೆಂಗಸರ ಕೈರುಚಿಯನ್ನು ಪುಸ್ತಕದ ಘನತೆಗೆ ಏರಿಸಿದ ಕೆಲಸ ಸಣ್ಣದಲ್ಲ.

1911ರ ಮಾರ್ಚ್ 30ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಅರ್ತೂಸಿ ಫ್ಲಾರೆನ್ಸಿನಲ್ಲಿ ನಿಧನರಾದರು. ಉಯಿಲಿನಲ್ಲಿ ಹುಟ್ಟೂರನ್ನು ಮರೆಯಲಿಲ್ಲ. ಪುಸ್ತಕದ ಹಕ್ಕುಗಳನ್ನು ಮರಿಯೆಟ್ಟಾ ಹಾಗೂ ಫ್ರಾಂಚೆಸ್ಕೊ ಅವರಿಗೆ ಬರೆದಿಟ್ಟಿದ್ದರು. 2007ರಲ್ಲಿ ಫೋರ್ಲಿಂಪೊಪೊಲಿಯಲ್ಲಿ ಅವರ ಹೆಸರಿನ ಅಡುಗೆ ಕೇಂದ್ರ ‘ಕಾಸಾ ಅರ್ತೂಸಿ’ ಆರಂಭವಾಯಿತು. ಅಲ್ಲಿ ಕೈಯಿಂದ ಹಿಟ್ಟು ನಾದಿ ಪಾಸ್ತಾ ಲಟ್ಟಿಸುವುದನ್ನು ಹೇಳಿಕೊಡುವ ಸ್ವಯಂಸೇವಕರನ್ನು ಮರಿಯೆಟ್ಟೆಯರು ಎಂದೇ ಕರೆಯುತ್ತಾರೆ.