ಥ್ಯಾಕರೆ ಹುಟ್ಟದಿದ್ದರೆ ಕಿತ್ತೂರು ಉಳಿಯುತ್ತಿತ್ತೇ?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜಾತ್ರೆಗಳಲ್ಲಿ ಗೀಗೀ ಮೇಳದವರು ಕಿತ್ತೂರಿನ ಪದವನ್ನೆತ್ತಿಕೊಂಡರೆಂದರೆ ಥ್ಯಾಕರೆಯ ಹೆಸರು ಬಾರದೆ ಅದು ಮುಗಿಯುವಂತಿಲ್ಲ. ರಾಮಾಯಣಕ್ಕೆ ರಾವಣನು ಹೇಗೋ ಕಿತ್ತೂರಿನ ಕಥೆಗೆ ಅವನು ಹಾಗೆ. ಈ ಒಬ್ಬ ಮನುಷ್ಯನು ಹುಟ್ಟದೆ ಇದ್ದಿದ್ದರೆ ನಮ್ಮ ನಾಡಿನ ಇತಿಹಾಸವು ಎಷ್ಟು ಚೆನ್ನಾಗಿರುತ್ತಿತ್ತೆಂದು ಮರುಗುವವರು ಬಹುಜನರುಂಟು. ಈ ಮರುಕವು ಸಹಜವಾದುದು. ಆದರೆ ಸಹಜವಾದುದೆಲ್ಲವೂ ಸತ್ಯವೆಂಬ ನಿಯಮವಿಲ್ಲ. ಆದುದರಿಂದ ಆ ಮನುಷ್ಯನ ಚರಿತ್ರೆಯನ್ನು ವಾಚಕರ ಮುಂದಿಟ್ಟು ಈ ಮಾತನ್ನು ಒರೆಗೆ ಹಚ್ಚಿ ನೋಡಬೇಕೆಂದಿದ್ದೇವೆ.

ಸೇಂಟ್ ಜಾನ್ ಥ್ಯಾಕರೆಯ ಮನೆತನವು ಹಿಂದುಸ್ತಾನದ ಅನ್ನದಿಂದಲೇ ಬೆಳೆದುದು. ಅವನ ತಂದೆಯು ಬಂಗಾಲದ ಸಿಲ್ಹೆಟ್ ಪ್ರಾಂತದಲ್ಲಿ ಕುಂಪಣಿಯ ಅಧಿಕಾರಿಯಾಗಿದ್ದು, ಹಣ ಗಳಿಸಿಕೊಂಡು ಸ್ವದೇಶಕ್ಕೆ ತೆರಳಿದನು. ಮಕ್ಕಳಲ್ಲಿ ಹಲವರು ಅದೇ ದಾರಿ ಹಿಡಿದು ಇಲ್ಲಿಗೆ ಬಂದರು. ಅವರಲ್ಲೊಬ್ಬನಾದ ರಿಚ್‌ಮಂಡನ ಮಗನೇ 1811 ರಲ್ಲಿ ಕಲಕತ್ತೆಯಲ್ಲಿ ಹುಟ್ಟಿ ಮುಂದೆ ಇಂಗ್ಲಿಷ್ ಕಾದಂಬರಿಕಾರನೆಂದು ಪ್ರಸಿದ್ಧನಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಕಿತ್ತೂರಿನ ಥ್ಯಾಕರೆಯು ಈ ಕಾದಂಬರಿಕಾರನ ಚಿಕ್ಕಪ್ಪನು. ಅವನು ಮದ್ರಾಸ್ ಇಲಾಖೆಯಲ್ಲಿ ಕುಂಪಣಿಯ ನೌಕರಿಯನ್ನು ಹಿಡಿದನು. ಹೀಗೆ ಅವನು ಕಾಡಿನಿಂದ ಬಂದ ರಾಕ್ಷಸನಲ್ಲ. ದಫ್ತರದ ಮೇಜಿನಿಂದ ಎದ್ದುಬಂದವನು.

1818 ರಲ್ಲಿ ಪೇಶವಾಯಿಯು ಮುರಿದುಬಿದ್ದು ನಮ್ಮ ಪ್ರಾಂತವು ಕುಂಪಣಿಯ ಕೈಸೇರಿತು. ಆ ಯುದ್ಧದಲ್ಲಿ ಕಿತ್ತೂರಿನ ದೇಸಾಯರು ಪೇಶವೆಯ ಪಕ್ಷವನ್ನು ಬಿಟ್ಟು ಥಾಮಸ್ ಮನ್ರೋನಿಗೆ ನೆರವಾಗಿ, ಅದಕ್ಕೆ ಪ್ರತಿಯಾಗಿ ಸಂಸ್ಥಾನದ ಸನದನ್ನು ಪಡೆದರು. ಪೇಶವೆಯ ಸೆರೆಯಲ್ಲಿ ನೊಂದು 1816 ರಲ್ಲಿ ತೀರಿಕೊಂಡ ಮಲ್ಲಸರ್ಜನ ಮನೆತನಕ್ಕೆ ಅಂದು ಕುಂಪಣಿಯೇ ಆಸರೆಯಾಗಿ ತೋರಿದ್ದರೆ ಸೋಜಿಗವಿಲ್ಲ. ಹೊಸದಾಗಿ ಏರ್ಪಟ್ಟ ಧಾರವಾಡ ಜಿಲ್ಲೆಗೆ ಥ್ಯಾಕರೆಯು ಕಲೆಕ್ಟರನೂ ರಾಜಕೀಯ ಏಜಂಟನೂ ಆಗಿ ಬಂದನು. ಬೆಳಗಾವಿಯು ಪ್ರತ್ಯೇಕ ಜಿಲ್ಲೆಯಾದುದು 1836 ರಲ್ಲಿ, ಅವನು ಸತ್ತು ಹನ್ನೆರಡು ವರುಷಗಳಾದ ಮೇಲೆ.

1824 ರ ಸಪ್ಟಂಬರದಲ್ಲಿ ಕಿತ್ತೂರಿನ ಶಿವಲಿಂಗ ರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಸಾಯುವ ಮುನ್ನ ಅವನು ಮಾಸ್ತಮರಡಿಯ ಗೌಡರ ಮಗನನ್ನು ದತ್ತಕ ತೆಗೆದುಕೊಂಡಿದ್ದನು. ಥ್ಯಾಕರೆಯು ಆ ದತ್ತಕವನ್ನು ಒಪ್ಪಲಿಲ್ಲ. ದತ್ತಕಪತ್ರವನ್ನೇ ಸಂಶಯಿಸಿ, ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿ, ಕಾರಭಾರವನ್ನು ತನ್ನ ಕೈಗೆ ತೆಗೆದುಕೊಳ್ಳಲು ಹವಣಿಸಿದನು. ಮಲ್ಲಸರ್ಜನ ಪತ್ನಿ ರಾಣಿ ಚೆನ್ನಮ್ಮನವರು ಮೇಲಧಿಕಾರಿಗಳಿಗೆ ಕಾಗದ ಬರೆದು ನ್ಯಾಯ ಬೇಡಿದರು. ಆ ಕಾಗದಗಳಿಗೆ ಉತ್ತರವಾಗಿ ಬಂದವುಗಳೆಂದರೆ ತೋಪುಗಳು. 1824 ಅಕ್ಟೋಬರ 23 ರಂದು ಥ್ಯಾಕರೆಯು ಅವುಗಳನ್ನು ಕೋಟೆಯ ಬಾಗಿಲಿಗೆ ತಂದು ನಿಲ್ಲಿಸಿದನು. ಬಾಗಿಲು ತೆರೆಯಿತು, ಕಿತ್ತೂರಿನ ಬಂಟರು ಹೊರಬಿದ್ದರು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆಯು ಉರುಳಿದನು. ಕುಂಪಣಿಯ ಬೇರೆ ದಳಪತಿಗಳೂ ಮಡಿದರು. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಕೈಕೆಳಗಿನ ಅಧಿಕಾರಿಗಳು ಸೆರೆಸಿಕ್ಕರು.

ಇಲ್ಲಿ ವಾಚಕರು ಕೊಂಚ ನಿಂತು ಯೋಚಿಸಬೇಕು. ದುಷ್ಟನು ಇಲ್ಲದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆಗೆ ಬಹುತೇಕ ಕಡೆಗಳಲ್ಲಿ ಊಹೆಯೊಂದೇ ಉತ್ತರ. ಕಿತ್ತೂರಿನಲ್ಲಿ ಮಾತ್ರ ಇತಿಹಾಸವೇ ಅದನ್ನು ಪರೀಕ್ಷಿಸಿ ತೋರಿಸಿದೆ. ಅಕ್ಟೋಬರ 23 ರ ಸಂಜೆಗೆ ಥ್ಯಾಕರೆಯು ಇರಲಿಲ್ಲ. ಕಿತ್ತೂರು ಉಳಿಯಿತೇ? ಕಮಿಶನರ ಚಾಪ್ಲಿನನು ಮುಂದೆ ಬಂದನು. ಅವನ ಮಾತನ್ನು ನಂಬಿ ರಾಣಿಯು ಸೆರೆಯಾಳುಗಳನ್ನು ಬಿಟ್ಟುಕೊಟ್ಟರೂ ದಂಡು ಹಿಂದೆ ಸರಿಯಲಿಲ್ಲ. ಸೊಲ್ಲಾಪುರದ ಸಬ್ ಕಲೆಕ್ಟರನೂ ಥಾಮಸ್ ಮನ್ರೋನ ಬಂಧುವೂ ಆದ ಇನ್ನೊಬ್ಬ ಮನ್ರೋ ಈ ಎರಡನೆಯ ಕಾಳಗದಲ್ಲಿ ಸತ್ತನು. ಆದರೂ ದಂಡು ನಿಲ್ಲಲಿಲ್ಲ. ಡಿಸೆಂಬರದ ಮೊದಲ ವಾರದಲ್ಲಿ ಕೋಟೆ ಬಿದ್ದಿತು. ಬೈಲಹೊಂಗಲದ ಸೆರೆಯಲ್ಲಿ 1829 ರಲ್ಲಿ ಚೆನ್ನಮ್ಮನವರು ದೇಹವಿಟ್ಟರು. ಅವರ ಬಳಿಕವೂ ಕತ್ತಿಯನ್ನು ಕೆಳಗಿಡದ ಸಂಗೊಳ್ಳಿ ರಾಯಣ್ಣನನ್ನು 1831 ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಒಬ್ಬನು ಬಿದ್ದರೆ ಅವನ ಕುರ್ಚಿಗೆ ಮತ್ತೊಬ್ಬನು ಬಂದನು. ಕುರ್ಚಿಯು ಅಲ್ಲಿಯೇ ಇತ್ತು.

ದತ್ತಕವನ್ನು ತಳ್ಳಿಹಾಕಿ ಸಂಸ್ಥಾನಗಳನ್ನು ಖಾಲಸಾ ಮಾಡಿದ ಪಾಪಕ್ಕೆ ನಾವು ಸಾಮಾನ್ಯವಾಗಿ ಲಾರ್ಡ್ ಡಾಲ್‌ಹೌಸಿಯ ಹೆಸರು ಹಿಡಿಯುತ್ತೇವೆ. ಕಿತ್ತೂರಿನ ಮೇಲೆ ತೋಪು ಹಾರಿದಾಗ ಡಾಲ್‌ಹೌಸಿಯು ಹನ್ನೆರಡು ವರುಷದ ಬಾಲಕ. ದತ್ತಕಕ್ಕೆ ಒಪ್ಪಿಗೆ ಕೊಡುವುದು ಅಪರೂಪವಾಗಿರಬೇಕೆಂದು ಕುಂಪಣಿಯ ನಿರ್ದೇಶಕರು 1834 ರಲ್ಲಿ ಲಂಡನ್ನಿನಿಂದ ಸ್ಪಷ್ಟಪಡಿಸಿದರು. 1848 ರಲ್ಲಿ ಸಾತಾರೆ, ಮುಂದೆ ಝಾನ್ಸಿ, ನಾಗಪುರ ಹೋದವು. ನರಗುಂದದ ಬಾಬಾಸಾಹೇಬನ ದತ್ತಕದ ವಿನಂತಿಯೂ ತಿರಸ್ಕೃತವಾಯಿತು. 1858 ರಲ್ಲಿ ಅವನು ಬಂಡೆದ್ದು ಸುರೇಬಾನದಲ್ಲಿ ಏಜಂಟ ಮ್ಯಾನ್‌ಸನ್ನನನ್ನು ಕೊಲ್ಲಿಸಿದನು. ನರಗುಂದವೂ ಉಳಿಯಲಿಲ್ಲ, ಬಾಬಾಸಾಹೇಬನೂ ಬೆಳಗಾವಿಯಲ್ಲಿ ಗಲ್ಲಿಗೇರಿದನು. ಮೂವತ್ತನಾಲ್ಕು ವರುಷಗಳ ಅಂತರದಲ್ಲಿ ಅದೇ ಕಥೆಯು ಎರಡು ಸಲ ನಡೆಯಿತು, ಹೆಸರುಗಳು ಮಾತ್ರ ಬೇರೆ. ಇದು ಒಬ್ಬನ ದುಷ್ಟತನದ ಕೆಲಸವಲ್ಲ. ಲಾಭಕ್ಕಾಗಿ ರಾಜ್ಯವಾಳುವ ವ್ಯಾಪಾರಿ ಸಂಸ್ಥೆಯೊಂದರ ಲೆಕ್ಕದ ಪುಸ್ತಕದ ಕೆಲಸ.

ಹಾಗಾದರೆ ಥ್ಯಾಕರೆಯು ನಿರ್ದೋಷಿಯೋ? ಎಂದಿಗೂ ಅಲ್ಲ. ಕುರ್ಚಿಯು ಕೆಟ್ಟದಾಗಿದ್ದರೂ ಅದರಲ್ಲಿ ಕುಳಿತವನಿಗೆ ಕೈಗಳಿರುತ್ತವೆ. ಪತ್ರದ ವಿವಾದವನ್ನು ಪತ್ರದಲ್ಲಿಯೇ ಮುಗಿಸಲು ಅವನಿಗೆ ಸಾಧ್ಯವಿತ್ತು. ಆ ದಿನ ಸತ್ತವರ ರಕ್ತವು ಅವನ ಆತುರದ ಲೆಕ್ಕಕ್ಕೇ ಸೇರತಕ್ಕದ್ದು. ಅದೇ ಬಾಗಿಲಲ್ಲಿ ಸೆರೆಸಿಕ್ಕ ವಾಲ್ಟರ್ ಎಲಿಯಟ್ಟನಿಗೆ ಆಗ ಇಪ್ಪತ್ತೊಂದು ವರುಷ. ರಾಣಿಯ ಕರುಣೆಯಿಂದ ಬದುಕಿ ಹೊರಬಂದ ಅವನು ಮುಂದೆ ಈ ಸೀಮೆಯ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿ, 1837 ರಲ್ಲಿ ಅವುಗಳ ಆಧಾರದಿಂದ ಚಾಲುಕ್ಯರ ಚರಿತ್ರೆಯನ್ನು ವಿದ್ವಾಂಸರ ಮುಂದಿಟ್ಟನು. ಅಂದು ಕಿತ್ತೂರಿನವರು ಸೆರೆಯಾಳುಗಳನ್ನೂ ಕಡಿದಿದ್ದರೆ ನಮ್ಮ ಪೂರ್ವಜರ ಸುದ್ದಿಯು ನಮಗೆ ಇನ್ನಷ್ಟು ತಡವಾಗಿ ತಿಳಿಯುತ್ತಿತ್ತು. ಯಾರನ್ನು ಇತಿಹಾಸದಿಂದ ಅಳಿಸಬೇಕೆಂಬುದನ್ನು ಮುಂಗಡವಾಗಿ ಬಲ್ಲವರಾರು?

ದುಷ್ಟರಿಲ್ಲದಿದ್ದರೆ ವೀರರೂ ಇರುತ್ತಿರಲಿಲ್ಲ, ಥ್ಯಾಕರೆ ಬಂದುದರಿಂದಲೇ ಚೆನ್ನಮ್ಮನವರ ಕೀರ್ತಿ ಬೆಳಗಿತು ಎಂದು ಸಮಾಧಾನ ಹೇಳುವವರೂ ಉಂಟು. ಈ ಮಾತನ್ನು ನಾವು ಒಪ್ಪಲಾರೆವು. ಆ ತಾಯಿಯ ಧೈರ್ಯವು ಅವಳದೇ, ಥ್ಯಾಕರೆಯ ದಾನವಲ್ಲ. ಪ್ರತಿವರುಷ ನಾವು ಉತ್ಸವ ಮಾಡುವುದಕ್ಕಿಂತ, ಅವಳು ಕಿತ್ತೂರಿನಲ್ಲಿ ಮೊಮ್ಮಕ್ಕಳನ್ನಾಡಿಸಿಕೊಂಡು ಮುಪ್ಪಾಗಿ ಕಣ್ಣುಮುಚ್ಚಿದ್ದರೆ ನಾಡಿಗೆ ಹೆಚ್ಚು ಒಳಿತಾಗುತ್ತಿತ್ತು.

ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣನ ಕೃಷ್ಣಪಾರಿಜಾತವನ್ನು ನಮ್ಮ ಜನರು ರಾತ್ರಿಯಿಡೀ ಕುಳಿತು ನೋಡುತ್ತಾರೆ. ಆ ಆಟದಲ್ಲಿ ಕೊಲ್ಲತಕ್ಕ ರಾಕ್ಷಸನೇ ಇಲ್ಲ. ಒಂದು ಹೂವು, ಸತ್ಯಭಾಮೆಯ ಗರ್ವ, ಇಷ್ಟರಿಂದಲೇ ದ್ವಾರಕೆಯಲ್ಲಿ ಕಲಹ. ರಾವಣನನ್ನು ಹುಡುಕಿ ಕೊಂದರೆ ಎಲ್ಲವೂ ಸರಿಹೋಗುವುದೆಂದು ನಂಬಿದವರು ಈ ಆಟವನ್ನೊಮ್ಮೆ ನೋಡುವುದು ಲೇಸು. ಧಾರವಾಡದಲ್ಲಿ ಥ್ಯಾಕರೆಯ ನೆನಪಿಗೆ ನಿಲ್ಲಿಸಿದ ಕಲ್ಲಿನ ಕಂಬವನ್ನು ಕಂಡಾಗ ಆ ಒಬ್ಬನನ್ನು ಬಯ್ದು ಮುಂದೆ ಸಾಗುವುದು ಸುಲಭ. ಉತ್ತರ ಕೊಡದೆ, ವಿಚಾರಣೆಯಿಲ್ಲದೆ, ಕಾಗದಕ್ಕೆ ತೋಪಿನಿಂದ ಮರುನುಡಿಯುವ ಅಧಿಕಾರವು ಯಾವ ಕುರ್ಚಿಗೂ ಇರಬಾರದೆಂದು ನೋಡಿಕೊಳ್ಳುವುದು ಕಷ್ಟ. ಕಿತ್ತೂರಿನ ಋಣವನ್ನು ತೀರಿಸುವ ದಾರಿ ಈ ಎರಡನೆಯದು.