ರಾಕೆಟ್ಟಿನ ಸದ್ದು ಮತ್ತು ಸತೀಶ್ ಧವನ್

ಕಮಲಾಪುರದಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ಬರುವಾಗ ಮೊಬೈಲಿನಲ್ಲಿ ರಾಕೆಟ್ ಉಡಾವಣೆ ನೋಡುವುದು ನನ್ನ ಹವ್ಯಾಸ. ಅಮೆರಿಕದ ಒಂದು ವಿಡಿಯೊದಲ್ಲಿ ರಾಕೆಟ್ ಏಳುವ ಹೊತ್ತಿಗೆ ಅದರ ಬುಡಕ್ಕೆ ಹೊಳೆಯಂತೆ ನೀರು ಬಿಟ್ಟರು. ಬೆಂಕಿ ಆರಿಸಲು ಎಂದುಕೊಂಡಿದ್ದೆ. ಸದ್ದು ತಗ್ಗಿಸಲು ಎಂದು ನಮ್ಮ ಭೌತಶಾಸ್ತ್ರದ ಸರ್ ತಿಳಿಸಿದರು.

ಶಬ್ದಕ್ಕಿಂತ ವೇಗವಾಗಿ ನುಗ್ಗುವ ಬಿಸಿ ಅನಿಲ ಸುತ್ತಲಿನ ಗಾಳಿಯೊಡನೆ ಬೆರೆಯುವಾಗ ಸುಳಿಗಳೇಳುತ್ತವೆ. ಗುಡುಗು ಹುಟ್ಟುವುದು ಅಲ್ಲಿ. ಏಳುವ ಕ್ಷಣದಲ್ಲಿ ನೆಲ ಹತ್ತಿರವಿರುವುದರಿಂದ ಆ ಸದ್ದು ತಿರುಗಿ ರಾಕೆಟ್ಟಿಗೇ ಬಡಿದು ತುದಿಯಲ್ಲಿರುವ ಉಪಗ್ರಹವನ್ನು ನಡುಗಿಸುತ್ತದೆ. ಅದಕ್ಕೇ ಉರಿಯನ್ನು ಕಾಲುವೆಯಿಂದ ಪಕ್ಕಕ್ಕೆ ತಿರುಗಿಸುತ್ತಾರೆ. ನೀರಿನ ಹನಿಗಳು ಆವಿಯಾಗುತ್ತ ಅನಿಲದ ಬಿಸಿಯನ್ನೂ ವೇಗವನ್ನೂ ಇಳಿಸುತ್ತವೆ.

ವೇಗದ ಗಾಳಿಯ ಈ ವಿದ್ಯೆಯನ್ನು ಬೆಂಗಳೂರಿನಲ್ಲಿ ಬೆಳೆಸಿದವರು ಸತೀಶ್ ಧವನ್. 1920ರಲ್ಲಿ ಶ್ರೀನಗರದಲ್ಲಿ ಹುಟ್ಟಿದ ಅವರು ಲಾಹೋರಿನ ವಿಶ್ವವಿದ್ಯಾಲಯದಿಂದ ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್ ಪದವಿಗಳ ಜೊತೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಕೂಡ ಪಡೆದರು. ಆರ್ಟ್ಸ್‌ನವರನ್ನು ಛೇಡಿಸುವ ನಮ್ಮ ಸೈನ್ಸ್ ಗೆಳೆಯರು ಇದನ್ನು ಗಮನಿಸಬೇಕು! 1951ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್.ಡಿ. ಮುಗಿಸಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಗಾಳಿಯನ್ನು ಶಬ್ದಕ್ಕಿಂತ ವೇಗವಾಗಿ ಹಾಯಿಸುವ ಸುರಂಗವನ್ನು ಅಲ್ಲಿ ಕಟ್ಟಿಸಿದರು. 1962ರಲ್ಲಿ ಸಂಸ್ಥೆಯ ನಿರ್ದೇಶಕರಾದರು. 1972ರಲ್ಲಿ ಇಸ್ರೊ ಹೊಣೆ ಬಂದಾಗ, ಕಚೇರಿ ಬೆಂಗಳೂರಿನಲ್ಲೇ ಇರಬೇಕು, ತಾವು ಸಂಸ್ಥೆ ಬಿಡುವುದಿಲ್ಲ ಎಂದು ಷರತ್ತು ಹಾಕಿ ಒಪ್ಪಿಕೊಂಡರು.

1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿತ್ತು. ಆ ಯೋಜನೆಯ ನಿರ್ದೇಶಕರು ನಮ್ಮ ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಕೂತು ಸೋಲಿನ ಹೊಣೆ ಹೊತ್ತವರು ಮಾತ್ರ ಧವನ್. ಮರುವರ್ಷ ಜುಲೈ 18ರಂದು ಅದೇ ಮಾದರಿಯ ರಾಕೆಟ್ 35 ಕಿಲೊ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ ಪತ್ರಕರ್ತರ ಎದುರಿಗೆ ಕಲಾಂ ಅವರನ್ನೇ ಕಳಿಸಿದರು. ಇದನ್ನು ಕಲಾಂ ಕೊನೆತನಕ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ನಾನು ಒಂದು ಟೆಸ್ಟಿನಲ್ಲಿ ಫೇಲಾದಾಗ ಅಬ್ಬಾ ನನಗೆ ಹೇಳಿದ ಕತೆಯೂ ಇದೇ.

ಇಸ್ರೊ ಬಿಟ್ಟ ಮೇಲೆ ಧವನ್ ಬೆಂಗಳೂರಿನ ಎನ್‌ಎಎಲ್‌ನ ಸಂಶೋಧನಾ ಮಂಡಳಿಗೆ ಅಧ್ಯಕ್ಷರಾಗಿದ್ದರು. ಅಲ್ಲಿರುವ ಶಬ್ದ ಪರೀಕ್ಷಾ ಕೋಣೆಯಲ್ಲಿ ಉಪಗ್ರಹಗಳ ಮೇಲೆ ಉಡಾವಣೆಯಷ್ಟೇ ಭೀಕರ ಸದ್ದನ್ನು ಹಾಯಿಸುತ್ತಾರೆ. ನಡುಗಿ ಸಡಿಲಾಗುವುದೇನಾದರೂ ಇದ್ದರೆ ನೆಲದ ಮೇಲೇ ಗೊತ್ತಾಗುತ್ತದೆ.

ಹಕ್ಕಿಗಳ ಹಾರಾಟದ ಮೇಲೂ ಅವರೊಂದು ಪುಸ್ತಕ ಬರೆದಿದ್ದಾರೆ. 2002ರ ಜನವರಿ 3ರಂದು ತೀರಿಕೊಂಡರು. ಅದೇ ವರ್ಷ ಶ್ರೀಹರಿಕೋಟಾದ ಕೇಂದ್ರಕ್ಕೆ ಅವರ ಹೆಸರಿಟ್ಟರು. ಅದರ ಪಕ್ಕದಲ್ಲೇ ಪುಲಿಕಾಟ್ ಸರೋವರ. ಚಳಿಗಾಲದಲ್ಲಿ ರಾಜಹಂಸಗಳು ಅಲ್ಲಿಗೆ ಈಗಲೂ ಬರುತ್ತವೆ.