ನ್ಯಾಯವಾದ ಕೂಲಿಗಾಗಿ ಶ್ರಮಿಸಿದ ಗುರು ಜಾನ್ ರಯಾನ್

ಕನಿಷ್ಠ ಕೂಲಿಯ ಮಾತು ಬಂದಾಗಲೆಲ್ಲ ನಾವು ನೆನೆಯಬೇಕಾದ ಹೆಸರು ಅಮೆರಿಕದ ಗುರು ಜಾನ್ ಅಗಸ್ಟಿನ್ ರಯಾನ್‌ರವರದು. 1869ರಲ್ಲಿ ಮಿನೆಸೋಟಾದ ಐರಿಷ್ ಮೂಲದ ರೈತ ಕುಟುಂಬದಲ್ಲಿ ಜನಿಸಿದ ಅವರು 1898ರಲ್ಲಿ ಗುರುದೀಕ್ಷೆ ಪಡೆದರು. ಕಾರ್ಮಿಕರ ಸ್ಥಿತಿಗತಿ ಕುರಿತು ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲಿ ಹೊರಡಿಸಿದ ವಿಶ್ವಪತ್ರ ಅವರಿಗೆ ದಾರಿದೀಪವಾಯಿತು. ಕುಟುಂಬವೊಂದು ಮರ್ಯಾದೆಯಿಂದ ಬಾಳಲು ವರ್ಷಕ್ಕೆ ಕನಿಷ್ಠ 600 ಡಾಲರ್ ಬೇಕೆಂದು 1906ರ ತಮ್ಮ ಗ್ರಂಥದಲ್ಲಿ ಅವರು ಲೆಕ್ಕವಿಟ್ಟು ತೋರಿಸಿದರು. 1913ರಲ್ಲಿ ಮಿನೆಸೋಟಾದ ಕನಿಷ್ಠ ಕೂಲಿ ಕಾಯಿದೆಯ ರಚನೆಗೆ ನೆರವಾದರು.

ಕೂಲಿ ಏರಿದರೆ ಕೆಲಸ ಕಡಿಮೆಯಾಗುವುದೆಂಬ ಆಕ್ಷೇಪ ಅಂದೂ ಇತ್ತು. ದುಡಿಯುವವರ ಕೈಯಲ್ಲಿ ಹಣವಿದ್ದರೆ ಸರಕು ಬಿಕರಿಯಾಗುವುದು, ಕಾರ್ಖಾನೆಗಳೂ ನಡೆಯುವುವು ಎಂಬುದು ರಯಾನ್‌ರವರ ವಾದವಾಗಿತ್ತು. 1938ರಲ್ಲಿ ರಾಷ್ಟ್ರಮಟ್ಟದ ಕಾಯಿದೆಯು ಗಂಟೆಗೆ 25 ಸೆಂಟ್ ನಿಗದಿಪಡಿಸಿತು. ಆದರೆ ಅತಿ ಕಡಿಮೆ ಕೂಲಿಯಿದ್ದ ಪೋರ್ಟೊರಿಕೊ ದ್ವೀಪದಲ್ಲಿ ಅದೇ ದರ ಹೊರೆಯಾಗಿ, ಕಸೂತಿ ಕೆಲಸದ ಅನೇಕ ಹೆಂಗಸರು ಉದ್ಯೋಗ ಕಳೆದುಕೊಂಡರು. 1940ರಲ್ಲಿ ಅಲ್ಲಿಗೆ ಪ್ರತ್ಯೇಕ ದರಗಳಿಗೆ ಅವಕಾಶ ನೀಡಲಾಯಿತು. ರಯಾನ್‌ರವರು 1945ರಲ್ಲಿ ನಿಧನರಾದರು.

1992ರಲ್ಲಿ ನ್ಯೂಜೆರ್ಸಿ ರಾಜ್ಯವು ಕೂಲಿಯನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿದಾಗ, ಅಲ್ಲಿನ ಉಪಾಹಾರ ಮಳಿಗೆಗಳಲ್ಲಿ ಉದ್ಯೋಗ ಕುಸಿಯಲಿಲ್ಲವೆಂದು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಕಂಡುಕೊಂಡರು. ಏರಿಕೆಯೆಷ್ಟು, ಆ ಊರಿನ ದುಡಿಮೆಯ ಸ್ಥಿತಿಯೇನು ಎಂಬುದರ ಮೇಲೆ ಫಲ ನಿಂತಿದೆ. ತೋಟದಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ಇತರರನ್ನು ದುಡಿಸಿಕೊಳ್ಳುವ ನಾವು ಕೂಲಿ ಗೊತ್ತುಮಾಡುವ ಮುನ್ನ, ರಯಾನ್‌ರವರಂತೆ, ಆ ಕುಟುಂಬದ ಖರ್ಚನ್ನೊಮ್ಮೆ ಲೆಕ್ಕಹಾಕಿ ನೋಡೋಣ.